ಯಾರೂ ತೆಗೆಯದ ಸಿನಿಮಾ

ವಾರಪತ್ರಿಕೆಯ ಉಪಸಂಪಾದಕಿಗೆ ಸಿನಿಮಾ ಮಂದಿರದ ಕತ್ತಲೆ ಎಂದರೆ ಜೋಗುಳ. ಪರದೆಯ ಮೇಲೆ ಹೆಸರುಗಳು ಬಂದು ಮುಗಿಯುವಷ್ಟರಲ್ಲಿ ಆಕೆಯ ಕತ್ತು ಗಂಡನ ಹೆಗಲಿಗೆ ವಾಲಿರುತ್ತಿತ್ತು. ದಿನವಿಡೀ ಬೇರೆಯವರ ಬರಹ ತಿದ್ದಿ ಸುಸ್ತಾಗಿ ಮನೆಗೆ ಬಂದವಳಿಗೆ ಪುಸ್ತಕ ಕಂಡರೇ ಮೈ ಉರಿಯುತ್ತಿತ್ತು. ಹಾಡು ಹಾಕಿದರೆ, ‘ಸ್ವಲ್ಪ ಸಣ್ಣಗೆ ಮಾಡಿ ರೀ, ತಲೆ ಸಿಡೀತಿದೆ’ ಎನ್ನುವ ಹೆಂಗಸು. ಇಂಥವಳ ಹೆಸರಿನಲ್ಲಿ ಹನ್ನೊಂದು ವರ್ಷಗಳಿಂದ, ವರ್ಷದ ಕೊನೆಯ ಸಂಚಿಕೆಯಲ್ಲಿ, ‘ಈ ವರ್ಷ ನನಗೆ ಹಿಡಿಸಿದ್ದು’ ಎಂಬ ಪುಟ ಬರುತ್ತಿತ್ತು ಅಂದರೆ ನೀವು ನಂಬಬೇಕು! ಎರಡು ಪುಸ್ತಕ, ಒಂದು ಸಿನಿಮಾ, ಟೀವಿಯ ಒಂದು ಧಾರಾವಾಹಿ, ನಾಲ್ಕಾರು ಹಾಡು. ಪುಸ್ತಕದಂಗಡಿಯವರು ಆ ಪುಟ ನೋಡಿಕೊಂಡೇ ಪುಸ್ತಕ ತರಿಸುತ್ತಿದ್ದರು. ಓದುಗರು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು.

ಗುಟ್ಟು ಇಷ್ಟೇ. ಹಿಡಿಸುತ್ತಿದ್ದದ್ದು ಗಂಡನಿಗೆ, ಹೆಸರು ಮಾತ್ರ ಇವಳದು. ಆತ ಲೈಬ್ರರಿಯನ್ ಆಗಿದ್ದು ನಿವೃತ್ತನಾದವನು. ಪ್ರತಿ ಬುಧವಾರ ಮ್ಯಾಟಿನಿಗೆ ಹೋಗುವುದು, ಉಳಿದ ದಿನ ಓದುವುದು, ಹಾಡು ಕೇಳುವುದು, ಇದೇ ಆತನ ಕೆಲಸ. ಡಿಸೆಂಬರ್ ಬಂದರೆ ಆತ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಹೇಳುತ್ತ ಹೋಗುವುದು, ಇವಳು ಲ್ಯಾಪ್‌ಟಾಪ್ ಮುಂದೆ ಕೂತು ಟೈಪ್ ಮಾಡುವುದು. ಮೊದಲ ವರ್ಷ ‘ನಿಮ್ಮ ಹೆಸರೇ ಹಾಕಿಸ್ತೀನಿ ಬಿಡಿ’ ಅಂದಿದ್ದಳು. ‘ನಂಗ್ಯಾಕೆ ಅದೆಲ್ಲ? ಜನ ಒಳ್ಳೇದನ್ನ ಓದಿದ್ರೆ ಸಾಕು’ ಎಂದು ಆತ ಕೈ ಒದರಿದ್ದ. ಎರಡನೆಯ ವರ್ಷ ಇವಳು ಕೇಳಲಿಲ್ಲ. ಅಷ್ಟರಲ್ಲಿ ಹೊಗಳಿಕೆಯ ರುಚಿ ಹತ್ತಿತ್ತು, ಸುಳ್ಳೇಕೆ ಹೇಳಬೇಕು.

ಈ ಸಲದ ಪುಟದಲ್ಲಿ ‘ಎಷ್ಟನೇ ಮಹಡಿ’ ಎಂಬ ಸಿನಿಮಾ ಇತ್ತು. ಒಂದು ದೊಡ್ಡ ಕಟ್ಟಡದ ಮುದಿ ಲಿಫ್ಟ್‌ಮನ್ನಿಗೆ ಯಾರು ಯಾವ ಮಹಡಿಗೆ ಹೋಗಬೇಕೆಂಬುದು ಮರೆತುಹೋಗತೊಡಗುತ್ತದೆ. ಅವನ ಮನಸ್ಸು ನೋಯಬಾರದೆಂದು ಜನ ಅವನು ನಿಲ್ಲಿಸಿದ ಮಹಡಿಯಲ್ಲೇ ಇಳಿದು, ಥ್ಯಾಂಕ್ಸ್ ಹೇಳಿ, ಉಳಿದ ಮೆಟ್ಟಿಲುಗಳನ್ನು ಸದ್ದಿಲ್ಲದೆ ಹತ್ತಿಕೊಂಡು ಹೋಗುತ್ತಾರೆ. ಹೇಳುತ್ತ ಗಂಡ ತರಕಾರಿ ಹೆಚ್ಚುವುದನ್ನೇ ನಿಲ್ಲಿಸಿದ್ದ. ಟೈಪ್ ಮಾಡುವಾಗ ಇವಳ ಕಣ್ಣು ತೇವವಾಗಿತ್ತು. ‘ಇದನ್ನ ಯಾವಾಗ ನೋಡಿದ್ರಿ?’ ಎಂದು ಮಾತ್ರ ಕೇಳಲಿಲ್ಲ ನೋಡಿ. ಪುಟ ಪ್ರೆಸ್ಸಿಗೆ ಹೋಗಬೇಕಿತ್ತು, ಗಡಿಬಿಡಿ.

ಪತ್ರಿಕೆಯಲ್ಲಿ ಕರಡು ನೋಡುವವನನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ತಾರೀಖು, ಊರು, ಅಂಕಿ, ಹೆಸರಿನ ಮುಂದಿನ ಇನಿಶಿಯಲ್ಲು, ಯಾವುದನ್ನೂ ಆತ ಸುಮ್ಮನೆ ಬಿಡುವವನಲ್ಲ. ಆದರೆ ‘ಹಿಡಿಸಿದ್ದು’ ಪುಟದಲ್ಲಿ ಕಾಗುಣಿತ ನೋಡಿ ಕೆಳಗಿಟ್ಟುಬಿಡುತ್ತಿದ್ದ. ‘ಅವರವರ ಇಷ್ಟದಲ್ಲಿ ತಪ್ಪು ಹುಡುಕೋಕಾಗುತ್ತಾ ಮೇಡಂ?’ ಎನ್ನುವುದು ಆತನ ಮಾತು. ಹನ್ನೊಂದು ವರ್ಷ ಆ ಕಚೇರಿ ಹಾಗೇ ನಡೆದುಕೊಂಡು ಬಂದಿತ್ತು.

ಸಂಚಿಕೆ ಗುರುವಾರ ಹೊರಬಂತು. ಸೋಮವಾರದ ಹೊತ್ತಿಗೆ ಇಪ್ಪತ್ತಾರು ಫೋನು ಬಂದಿದ್ದವು, ಎಲ್ಲರದೂ ಒಂದೇ ಪ್ರಶ್ನೆ: ‘ಎಷ್ಟನೇ ಮಹಡಿ’ ಎಲ್ಲಿ ನೋಡೋಕೆ ಸಿಗುತ್ತೆ? ಭೂತಗನ್ನಡಿ ಬೆಳಗಿನಿಂದ ಹುಡುಕಿದ. ಮಧ್ಯಾಹ್ನ ಉಪಸಂಪಾದಕಿಯ ಮೇಜಿನ ಹತ್ತಿರ ಬಂದು, ಸಾವಿನ ಸುದ್ದಿ ಹೇಳುವವನ ಹಾಗೆ ದನಿ ತಗ್ಗಿಸಿದ.

‘ಮೇಡಂ, ಪುಸ್ತಕ, ಹಾಡು, ಧಾರಾವಾಹಿ ಎಲ್ಲ ಸರಿ ಇವೆ. ಈ ಸಿನಿಮಾ ಮಾತ್ರ ಇಲ್ಲ. ಯಾರೂ ತೆಗೆದೇ ಇಲ್ಲ.’

ಸಂಪಾದಕರು ಅವಳನ್ನು ಒಳಗೆ ಕರೆದು, ಬಾಗಿಲು ಹಾಕಿಸಿ, ‘ನಾಳೆ ಸಂಜೆಯೊಳಗೆ ತಪ್ಪೊಪ್ಪಿಗೆ ಬರೆದು ಕೊಡಿ. ಇದು ಹೇಗಾಯ್ತು ಅನ್ನೋದನ್ನೂ ಬರೀರಿ. ಕಾಗಕ್ಕ ಗುಬ್ಬಕ್ಕನ ಕಥೆ ಬೇಡ’ ಎಂದರು.

ಅವಳು ಮನೆಗೆ ಹೋಗಲಿಲ್ಲ. ಗಂಡ ಬುಧವಾರ ಹೋಗುವ ಸಿನಿಮಾ ಮಂದಿರಕ್ಕೆ ನೇರ ಹೋದಳು. ಬೇರೆ ಯಾವುದೋ ಸಿನಿಮಾದ ಹೆಸರು ಅದಲುಬದಲಾಗಿರಬೇಕು, ಅಷ್ಟೇ ಇರಬೇಕು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಟಿಕೆಟ್ ಕೌಂಟರಿನ ಹೆಂಗಸಿಗೆ ಫೋನಿನಲ್ಲಿದ್ದ ಫೋಟೋ ತೋರಿಸಿದಳು.

‘ಅಯ್ಯೋ, ನಮ್ಮ ಲೈಬ್ರರಿ ಸಾರ್ ಅಲ್ವಾ! ಪ್ರತಿ ಬುಧವಾರ ಬರ್ತಾರೆ. ಟಿಕೆಟ್ ತಗೋತಾರೆ, ಅಗೋ ಆ ಬೆಂಚಿನ ಮೇಲೆ ಕೂತ್ಕೋತಾರೆ. ಒಳಗೆ ಹೋಗಲ್ಲ.’

‘ಒಳಗೆ ಹೋಗಲ್ವಾ?’

‘ಮಾರ್ಚಿನಿಂದ ಹೋಗಿಲ್ಲ. ನಾನೇ ಕೇಳ್ದೆ, ಯಾಕ್ ಸಾರ್ ಅಂತ. ಯಾರು ಯಾರ ಮಗ, ಯಾರು ಯಾರ ಹೆಂಡ್ತಿ ಅಂತ ನೆನಪು ನಿಲ್ಲೋದಿಲ್ಲಮ್ಮ, ಕತ್ತಲಲ್ಲಿ ಭಯ ಆಗುತ್ತೆ ಅಂದ್ರು. ಸಿನಿಮಾ ಬಿಟ್ಟಾಗ ಎಲ್ಲರ ಜೊತೆ ಎದ್ದು ಹೋಗ್ತಾರೆ. ಮನೇಲಿ ಗೊತ್ತಿಲ್ವಾ ಮೇಡಂ?’

ಮನೆಯಲ್ಲಿ ಗೊತ್ತಿರಲಿಲ್ಲ. ಹತ್ತು ತಿಂಗಳು! ಒಂದೇ ಸೂರಿನಡಿ ಇದ್ದವಳಿಗೆ, ಒಂದೇ ತಟ್ಟೆಯಿಂದ ಕಿತ್ತು ತಿನ್ನುವವಳಿಗೆ ಗೊತ್ತಿರಲಿಲ್ಲ. ಪ್ರತಿ ಬುಧವಾರ ‘ಹೇಗಿತ್ತು ರೀ?’ ಎಂದು ಕೇಳಿ, ‘ಪರವಾಗಿಲ್ಲ’ ಎಂಬ ಉತ್ತರ ಕಿವಿಗೆ ಬೀಳುವ ಮೊದಲೇ ಸ್ನಾನಕ್ಕೆ ಹೋಗಿರುತ್ತಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಯಲ್ಲಿ ಗಂಡ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದ. ಇವಳು ಚಪ್ಪಲಿಯನ್ನೂ ಬಿಡದೆ ಕೇಳಿಯೇಬಿಟ್ಟಳು. ಆತ ಮೊದಲು ರೇಗಿದ. ‘ನೋಡಿದೀನಿ ಅಂದ್ಮೇಲೆ ನೋಡಿದೀನಿ! ನನ್ನ ಮೇಲೆ ಪತ್ತೇದಾರಿ ಮಾಡ್ತೀಯಾ?’ ಆಮೇಲೆ ಕೈಯಲ್ಲಿದ್ದ ಅಂಗಿಯನ್ನು ಒಮ್ಮೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಸಿಟ್ಟು ಹಾಗೇ ಇಳಿದುಹೋಯಿತು.

‘ಪುಸ್ತಕ ಎರಡೂ ಓದಿದ್ದೇ ಕಣೇ. ಜನವರಿಯಲ್ಲಿ. ಆಮೇಲೆ ಯಾವುದೂ ನಿಲ್ತಿಲ್ಲ. ಐವತ್ತು ಪುಟ ಓದಿ ತಿರುಗಿ ನೋಡಿದ್ರೆ ಬಟಾಬಯಲು. ನೀನು ಟೈಪ್ ಮಾಡ್ತಾ ಕೂತಿದ್ದೆ. ಸಿನಿಮಾ ಯಾವುದು ಅಂತ ಕೇಳ್ದೆ. ಇಲ್ಲ ಅಂತ ಹೇಗೆ ಹೇಳ್ಲಿ? ಬಾಯಿಗೆ ಬಂದದ್ದು ಹೇಳ್ದೆ.’

‘ನಂಗೆ ಒಂದು ಮಾತು ಹೇಳಬಾರದಿತ್ತಾ?’

‘ನಲವತ್ತು ವರ್ಷ ಜನ ನನ್ನ ಹತ್ರ ಬಂದು ಏನು ಓದ್ಲಿ ಸಾರ್ ಅಂತ ಕೇಳಿದಾರೆ. ಅವರಿಗೆಲ್ಲ ಇದು ಗೊತ್ತಾಗೋದು ಬೇಡ. ಡಾಕ್ಟರ ಹತ್ರ ಕರ್ಕೊಂಡು ಹೋಗು, ಬರ್ತೀನಿ. ಆದ್ರೆ ಪೇಪರ್‌ನಲ್ಲಿ ಹಾಕಬೇಡ. ನಿನ್ನ ಕಾಲಿಗೆ ಬೀಳ್ತೀನಿ.’

‘ಥೂ, ಬಿಡ್ತು ಅನ್ನಿ’ ಎಂದು ಅವಳು ಆತನ ಎರಡೂ ಕೈ ಹಿಡಿದುಕೊಂಡಳು. ಹಾಕುವುದಿಲ್ಲ ಎಂದು ಮಾತು ಕೊಟ್ಟಳು. ಇಬ್ಬರೂ ಅತ್ತರು.

ಮರುದಿನ ಕಚೇರಿಯಲ್ಲಿ ಕೂತಾಗ ಅವಳ ಮುಂದೆ ಇದ್ದದ್ದು ಎರಡೇ ದಾರಿ. ‘ಗಂಡ ಹೇಳಿದ್ದು, ನಾನು ಬರೆದದ್ದು’ ಅಂದರೆ ತಾನು ಉಳಿಯಬಹುದು, ಬಹುಶಃ ನಾಲ್ಕು ಜನರ ಕನಿಕರವೂ ಸಿಗುತ್ತದೆ. ಆದರೆ ಆತನ ಮರ್ಯಾದೆ ಬೀದಿಗೆ ಬರುತ್ತದೆ. ಇನ್ನೊಂದು, ತಪ್ಪನ್ನೆಲ್ಲ ತನ್ನ ತಲೆಗೇ ಕಟ್ಟಿಕೊಳ್ಳುವುದು. ಹಲ್ಲು ಕಚ್ಚಿ ಮೂರು ಸಾಲು ಬರೆದಳು: ‘ಕಳೆದ ಸಂಚಿಕೆಯಲ್ಲಿ ನಾನು ಮೆಚ್ಚಿ ಬರೆದ ಎಷ್ಟನೇ ಮಹಡಿ ಎಂಬ ಸಿನಿಮಾ ಇಲ್ಲವೇ ಇಲ್ಲ. ಪುಟ ತುಂಬಿಸಲು ಅದನ್ನು ನಾನೇ ಕಲ್ಪಿಸಿ ಬರೆದೆ. ನಂಬಿದ ಓದುಗರು ಕ್ಷಮಿಸಬೇಕು.’

ಸಂಪಾದಕರು ಎರಡು ಸಲ ಓದಿದರು. ‘ನಿಮ್ಮಿಂದ ಇದನ್ನ ನಾನು ನಿರೀಕ್ಷಿಸಿರಲಿಲ್ಲ. ಇನ್ಮೇಲೆ ಆ ಪುಟ ನಿಮಗೆ ಬೇಡ’ ಎಂದರು. ಅವಳು ತಲೆಯಾಡಿಸಿದಳು. ಹೊರಗೆ ಬಂದರೆ ಭೂತಗನ್ನಡಿ ಹಳೆಯ ಸಂಚಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದ. ಹನ್ನೊಂದು ವರ್ಷದ ಹನ್ನೊಂದು ಪುಟ, ಕೈಯಲ್ಲಿ ಕೆಂಪು ಪೆನ್ನು. ಅವಳ ಮುಖ ನೋಡಲಿಲ್ಲ. ಹುಡುಕಲಿ, ಇದೊಂದು ಬಿಟ್ಟು ಬೇರೆ ತಪ್ಪು ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಸಂಚಿಕೆ ಮನೆಗೆ ಬಂತು. ಅವಳು ಚಹಾ ಸೋಸುತ್ತಿದ್ದಳು. ಗಂಡ ಕನ್ನಡಕವನ್ನು ಹಣೆಗೇರಿಸಿಕೊಂಡು, ಪತ್ರಿಕೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ಮಾತು ಉಳಿಸಿಕೊಂಡಿದ್ದಕ್ಕೆ ಏನಾದರೂ ಹೇಳುತ್ತಾನೆ ಎಂದುಕೊಂಡು ಅವಳು ಒಲೆ ಆರಿಸಿದಳು.

‘ಏನೇ ಇದು?’ ಅಂದ ಆತ. ‘ಇಲ್ಲದ ಸಿನಿಮಾ ಹುಟ್ಟಿಸಿ ಬರೆದ್ಯಾ? ನಂಬಿದ ಜನರ ಕಿವಿ ಮೇಲೆ ಹೂ ಇಟ್ಯಾ? ನಾಚಿಕೆ ಆಗ್ಲಿಲ್ವಾ ನಿಂಗೆ?’

ಅವಳು ಆತನ ಮುಖವನ್ನೇ ನೋಡಿದಳು. ತಮಾಷೆಯ ಸುಳಿವು ಎಲ್ಲಾದರೂ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಆತನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

‘ಇಷ್ಟು ವರ್ಷ ನಾನೇ ಹೇಳಿಕೊಡ್ಲಿಲ್ವಾ? ಈ ವರ್ಷ ನನ್ನನ್ನ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’

ಸಿನಿಮಾ ಹುಟ್ಟಿಸಿದ್ದು ನಾನೇ ಅಂತ ಸೋಮವಾರ ಸಂಜೆ ನೀವೇ ಹೇಳಿದ್ರಲ್ಲ ರೀ, ಎಂಬ ಮಾತು ಅವಳ ಬಾಯಿಯವರೆಗೆ ಬಂತು. ನುಂಗಿಕೊಂಡಳು.

‘ತಪ್ಪಾಯ್ತು ರೀ’ ಎಂದಳು.

‘ಮುಂದಿನ ವರ್ಷ ನನ್ನನ್ನ ಕೇಳ್ದೆ ಒಂದಕ್ಷರ ಬರೀಬೇಡ.’

‘ಇಲ್ಲ ರೀ. ನಿಮ್ಮನ್ನ ಕೇಳೇ ಬರೀತೀನಿ.’

ಆತ ಚಹಾ ಮುಟ್ಟದೆ ಹೊರಟುಹೋದ.