ಉದ್ದ ಹೂಂ, ಮೋಟು ಹೂಂ

ನಮ್ಮ ಮೇಷ್ಟ್ರ ಮುಖ ನೋಡಿ ಅವರ ಮನಸ್ಸು ತಿಳಿದವರು ಯಾರೂ ಇರಲಿಲ್ಲ. ಮನಶ್ಶಾಸ್ತ್ರ ವಿಭಾಗದ ವಿದ್ಯಾರ್ಥಿಗಳಾದ ನಾವು ಅವರಿಗೆ ‘ಗೋಡೆ ಮೇಷ್ಟ್ರು’ ಎಂದು ನಾಮಕರಣ ಮಾಡಿದ್ದೆವು. ಅದು ಅವರ ಕಿವಿಗೂ ಬಿದ್ದು, ಒಳಗೊಳಗೇ ಅವರಿಗೆ ಹಿಗ್ಗಾಗಿತ್ತೆಂದು ನನ್ನ ಗುಮಾನಿ. ಪ್ರಯೋಗಕ್ಕೆ ಬಂದವರು ಪ್ರಯೋಗ ಮಾಡುವವನ ಮುಖದಲ್ಲೇ ಉತ್ತರ ಹುಡುಕುತ್ತಾರೆ, ಆದ್ದರಿಂದ ಮುಖವನ್ನು ಮನೆಯಲ್ಲಿಟ್ಟು ಬರಬೇಕೆಂಬುದು ಅವರ ಮೊದಲ ಪಾಠ.

ಎಂಥ ಸೆಕೆಯಿದ್ದರೂ ಪ್ರಯೋಗದ ದಿನ ಅದೇ ಕಂದು ಕೋಟು. ಇವತ್ತು ಬಂದವರು ಕೋಟಿನ ಮೇಷ್ಟ್ರನ್ನೂ ನಾಳೆ ಬಂದವರು ಬರಿ ಅಂಗಿಯ ಮೇಷ್ಟ್ರನ್ನೂ ಕಂಡರೆ ಇಬ್ಬರೂ ಒಂದೇ ಪ್ರಯೋಗಕ್ಕೆ ಬಂದಂತಾಗುವುದಿಲ್ಲವಂತೆ. ಮೊಣಕೈ ಸವೆದು ಅಸ್ತರು ಇಣುಕುತ್ತಿದ್ದರೂ ತೇಪೆ ಹಾಕಿಸಲಿಲ್ಲ; ಅದು ಬೇರೆ ಕೋಟಾಗಿಬಿಡುತ್ತದಲ್ಲ! ಯಾರದೋ ನಿದ್ದೆ ಕೆಡಿಸಬಾರದೆಂಬಂತೆ ತುದಿಗಾಲಲ್ಲಿ ನಡೆಯುವರು. ಯಾರು ಏನೇ ಹೇಳಲಿ, “ಅದ್ಹೇಗೆ ಗೊತ್ತು?” ಎಂಬುದೇ ಉತ್ತರ. “ಮಳೆ ಬರ್ತಿದೆ ಸಾರ್” ಎಂದರೂ ಅದನ್ನೇ ಕೇಳಿ, ಕಿಟಕಿಯಾಚೆ ಕೈ ಚಾಚಿ, ಅಂಗೈ ಒದ್ದೆಯಾದ ಮೇಲೆಯೇ ಒಪ್ಪುತ್ತಿದ್ದರು.

ನಾನು ಅವರ ಸಹಾಯಕನಾದಾಗ ಮೇಷ್ಟ್ರು ಒಂದೇ ಪ್ರಶ್ನೆಯ ಬೆನ್ನು ಬಿದ್ದು ವರ್ಷಗಳಾಗಿದ್ದವು: ಒಮ್ಮೆ ಕಂಡ ನಗುಮುಖವು ಬಿಗಿಮುಖಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಯೆ? ಅಪರಿಚಿತರ ಫೋಟೋಗಳನ್ನು ತೋರಿಸಿ, ಸ್ವಲ್ಪ ಹೊತ್ತಾದ ಮೇಲೆ ಅವಕ್ಕೆ ಹೊಸವನ್ನು ಬೆರೆಸಿ ಮತ್ತೆ ಒಂದೊಂದಾಗಿ ಎದುರು ಹಿಡಿಯುವರು. ಕುಳಿತವರು ‘ನೋಡಿದ್ದೆ’ ಅಥವಾ ‘ನೋಡಿಲ್ಲ’ ಎನ್ನಬೇಕು. ಮುಂದಿನ ಫೋಟೋ ಬರುವ ತನಕ ಉತ್ತರ ಬದಲಿಸಲೂಬಹುದು. ಯಾವ ಉತ್ತರಕ್ಕೂ ಮೇಷ್ಟ್ರದು ನಿರ್ವಿಕಾರವಾದ ಒಂದು ‘ಹೂಂ’, ಅಷ್ಟೆ. ನಗುಮುಖವೇ ಗೆದ್ದಿತು. ದೊಡ್ಡ ಪತ್ರಿಕೆಯೊಂದು ಪ್ರಬಂಧವನ್ನು ಒಪ್ಪಿತು. ಅದು ಅಚ್ಚಾದರೆ ವಿಭಾಗದ ಮುಖ್ಯಸ್ಥರ ಕುರ್ಚಿ ಅವರದೇ ಎಂದು ಎಲ್ಲರೂ ಮಾತಾಡಿಕೊಂಡರು.

ಆ ದಿನಗಳಲ್ಲೇ ಒಮ್ಮೆ, ಮರೆತು ಬಂದ ಕನ್ನಡಕ ಕೊಡಲು ಬಂದ ಹೆಂಡತಿಯನ್ನೇ ಕೂರಿಸಿ ಹೊಸ ವಿದ್ಯಾರ್ಥಿಗಳಿಗೆ ಪ್ರಯೋಗ ತೋರಿಸಿದರು. ಆಕೆ ಬಿಗಿಮುಖಗಳಲ್ಲಿ ಮುಗ್ಗರಿಸಿದರು. ನಗುಮುಖ ಒಂದೂ ತಪ್ಪಲಿಲ್ಲ.

“ಅದ್ಹೇಗೆ ಗೊತ್ತಾಯ್ತು?” ಎಂದರು ಮೇಷ್ಟ್ರು.

“ಅಯ್ಯೋ, ನಂಗೇನು ಗೊತ್ತಿತ್ತು? ನಗೋ ಮುಖಕ್ಕೆ ಸರಿಯಾಗಿ ಹೇಳಿದ್ರೆ ನಿಮ್ಮ ಹೂಂ ಉದ್ದ ಬರುತ್ತೆ, ತಪ್ಪಾದ್ರೆ ಮೋಟು. ಮೋಟು ಬಂದಾಗೆಲ್ಲ ಮಾತು ತಿರುಗಿಸ್ದೆ. ಇಷ್ಟು ವರ್ಷ ನಿಮ್ಮ ಹೂಂ ನಂಬ್ಕೊಂಡೇ ಸಂಸಾರ ಮಾಡಿದೀನಿ, ಅಷ್ಟೂ ತಿಳಿಯಲ್ವಾ?”

ಕೋಣೆಯೆಲ್ಲ ನಕ್ಕಿತು. ಮೇಷ್ಟ್ರ ಮುಖ ಮಾತ್ರ ಬಿಳಿಚಿಕೊಂಡಿತು. ಅದನ್ನು ಕಂಡ ಆಕೆ, “ನಾನೇನಾದ್ರೂ ತಪ್ಪು ಹೇಳಿದ್ನಾ?” ಎಂದು ಮೆಲ್ಲನೆ ಕೇಳಿದರು.

“ಇಲ್ಲ ಕಣೇ. ಹೇಳಿದೋಳು ನೀನೊಬ್ಳೇ.”

ಬೇರೆಯವರಿಗೆ ಆ ಹೂಂ ಗೊತ್ತಾಗಿರಲಿಕ್ಕಿಲ್ಲ, ಅವರೇನು ನಿಮ್ಮ ಜೊತೆ ಸಂಸಾರ ಮಾಡಿದವರೇ ಎಂದು ನಾನು ಅಂಗಲಾಚಿದೆ. ಅದಕ್ಕೂ ಅದೇ ಪ್ರಶ್ನೆ: “ಅದ್ಹೇಗೆ ಗೊತ್ತು?” ಪ್ರಬಂಧವನ್ನು ಹಿಂದಕ್ಕೆ ತರಿಸಿಕೊಂಡರು. ಮೊದಲಿನಿಂದ ಮತ್ತೆ ಶುರು. ಈ ಸಲ ಮೇಷ್ಟ್ರು ಕೋಣೆಯ ಹೊರಗೆ. ಒಳಗೆ ನಾನು, ಯಾವ ಮುಖವೆಂದು ನನಗೇ ತಿಳಿಯದಂತೆ ಫೋಟೋದ ಬೆನ್ನು ನನ್ನ ಕಡೆಗೆ ಮಾಡಿ, ತುಟಿ ಹೊಲಿದವನಂತೆ ಕೂತೆ. ಕೊನೆಗೆ ನೋಡಿದರೆ ನಗುವಿಗೂ ಬಿಗಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಏನೂ ಸಿಗಲಿಲ್ಲವೆಂಬ ಪ್ರಬಂಧವನ್ನು ಯಾರೂ ಅಚ್ಚು ಹಾಕಲಿಲ್ಲ, ಕುರ್ಚಿ ಇನ್ನೊಬ್ಬರ ಪಾಲಾಯಿತು.

“ನಗುಮುಖ ಗೆಲ್ಲಬೇಕಿತ್ತು ಕಣಯ್ಯ,” ಎಂದರು ಆ ಸಂಜೆ, ಮೆಟ್ಟಿಲಿಳಿಯುತ್ತ. “ತುಂಬಾ ಆಸೆಯಿತ್ತು. ಅದೇ ಎಡವಟ್ಟಾಗಿದ್ದು.”

ಈಗ ಆ ಕೋಣೆಯಲ್ಲಿ ಕಂಪ್ಯೂಟರುಗಳೇ ಮುಖ ತೋರಿಸುತ್ತವೆ. ಅಲ್ಲಿಗೆ ಹೋದಾಗಲೆಲ್ಲ ಈಗಿಲ್ಲದ ಮೇಷ್ಟ್ರನ್ನು ನೆನೆಯುತ್ತೇನೆ. ಕಂಡುಹಿಡಿದವರ ಹೆಸರುಗಳನ್ನು ಪಠ್ಯಪುಸ್ತಕಗಳು ಜೋಪಾನ ಮಾಡುತ್ತವೆ. ತನ್ನ ಪ್ರೀತಿಯ ಸುಳ್ಳೊಂದನ್ನು ಹೊಸಿಲು ದಾಟುವ ಮೊದಲೇ ಕೈಹಿಡಿದು ನಿಲ್ಲಿಸಿದವರಿಗೆ ಅಲ್ಲಿ ಅಡಿಟಿಪ್ಪಣಿಯಷ್ಟೂ ಜಾಗವಿಲ್ಲ. ಅವರಿಂದ ನಾವು ಯಾವ ತಪ್ಪನ್ನು ಕಲಿಯದೆ ಉಳಿದೆವು ಎಂಬುದು ನಮಗೆ ಗೊತ್ತೇ ಆಗುವುದಿಲ್ಲ, ಆದ್ದರಿಂದ ಯಾರೂ ಅವರಿಗೆ ಕೈಮುಗಿಯುವುದೂ ಇಲ್ಲ.