ಒಂದು ಗ್ಯಾಲನ್ ನೀರು

ತೊಂಬತ್ತೆರಡರ ಮಾತು. ನಾಲ್ಕು ವರ್ಷದ ರೇವತಿ ಹೊಸ ಫ್ರಾಕು ಹಾಕಿಕೊಂಡು ಶಿವಾಜಿನಗರದ ನನ್ನ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಸಿಕೊಂಡಿದ್ದಳು. ರೋಲು ಮುಗಿದಿಲ್ಲವೆಂದು ನಾನು ತೊಳೆಯದೆ ಬಿಟ್ಟಿದ್ದೆ. ಹದಿನೈದು ದಿನದೊಳಗೆ ಜ್ವರ ಬಂದು ಮಗು ತೀರಿಕೊಂಡಿತು. ಅವಳ ತಾಯಿ ಜಟ್ಟೆಮ್ಮ ದೊಡ್ಡನೆಕ್ಕುಂದಿಯ ಗಾರೆ ಕೆಲಸ ಬಿಟ್ಟು ಬಂದು ನನ್ನ ಬೆಂಚಿನ ಮೇಲೆ ಕೂತಿದ್ದಳು.

"ಪಾಷಾಭಾಯ್, ಆಕಿದು ಬ್ಯಾರೆ ಫೋಟೋ ಒಂದೂ ಇಲ್ರಿ," ಎಂದಳು.

"ಕೂತ್ಕೊಳಮ್ಮ, ಒಂದು ಗಂಟೇಲಿ ಕೊಡ್ತೀನಿ," ಎಂದೆ. ಬಾಯಿ ದೊಡ್ಡದು ನನ್ನದು.

ಫಿಲ್ಮ್ ತೊಳೆಯುವ ಔಷಧಿಯ ಮಾಮೂಲಿ ಪುಡಿ ಮುಗಿದಿತ್ತು. ಅಂಗಡಿಯವನು ಕೊಟ್ಟ ಅಮೆರಿಕದ ಪೊಟ್ಟಣದ ಮೇಲೆ, ಒಂದು ಗ್ಯಾಲನ್ ನೀರಿಗೆ ಕಲಸಿ ಎಂದಿತ್ತು. ನಮ್ಮ ತಾತ ಮಿಲಿಟರಿ ಹರಾಜಿನಲ್ಲಿ ತಂದ ಜಗ್ಗಿನ ಮೇಲೂ ಒಂದು ಗ್ಯಾಲನ್ ಎಂದೇ ಕೆತ್ತಿತ್ತು. ತುಂಬಿಸಿ ಕಲಸಿದೆ. ಕತ್ತಲಲ್ಲಿ ರೋಲನ್ನು ಬೆಳಕು ನುಗ್ಗದ ಡಬ್ಬಿಯಲ್ಲಿಟ್ಟು ಮುಚ್ಚಿ, ದೀಪ ಹಾಕಿ ಔಷಧಿ ಸುರಿದೆ. ಏಳು ನಿಮಿಷದ ಕೆಲಸ.

ನಾಲ್ಕನೆಯ ನಿಮಿಷದಲ್ಲಿ ಕಣ್ಣು ಪೊಟ್ಟಣದ ಅಂಚಿಗೆ ಬಿತ್ತು. ಸಣ್ಣ ಅಕ್ಷರದಲ್ಲಿ 3.8 ಲೀಟರ್ ಎಂದಿತ್ತು. ತಾತನ ಜಗ್ಗು ಬ್ರಿಟಿಷರದು, ನಾಲ್ಕೂವರೆ ಲೀಟರ್ ಹಿಡಿಯುತ್ತದೆ. ಅಮೆರಿಕದವರ ಗ್ಯಾಲನ್ ಅದಕ್ಕಿಂತ ಚಿಕ್ಕದು. ಮುಕ್ಕಾಲು ಲೀಟರ್ ನೀರು ಹೆಚ್ಚಾಗಿ ಔಷಧಿ ತೆಳ್ಳಗಾಗಿತ್ತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವ ಕತ್ತೆ ನಾನು, ಪೂರ್ತಿ ಓದಿರಲಿಲ್ಲ.

ಡಬ್ಬಿ ತೆರೆದು ನೋಡುವ ಹಾಗಿಲ್ಲ, ಬೆಳಕು ಬಿದ್ದರೆ ಮಗು ಅಳಿಸಿಹೋಗುತ್ತದೆ. ಏಳಕ್ಕೇ ನಿಲ್ಲಿಸಿದರೆ ಮುಖ ಮೂಡದಿರಬಹುದು, ತೀರಾ ಹೆಚ್ಚು ಬಿಟ್ಟರೆ ಮಸಿಯಾಗಬಹುದು. ನೀರು ಐದಕ್ಕೆ ಒಂದು ಪಾಲು ಹೆಚ್ಚು, ಸಮಯವೂ ಅಷ್ಟೇ ಹೆಚ್ಚಲಿ ಎಂದುಕೊಂಡೆ. ಎಂಟೂವರೆ ನಿಮಿಷ. ಸರಿಯೋ ತಪ್ಪೋ ಹೇಳುವವರಿರಲಿಲ್ಲ. ಡಬ್ಬಿ ಅಲುಗಿಸುತ್ತಾ ನಿಂತೆ, ಗಡಿಯಾರದ ಮುಳ್ಳು ಜಪ್ಪಯ್ಯ ಅಂದರೂ ಕದಲಲಿಲ್ಲ.

"ಆತೇನ್ರಿ?" ಪರದೆಯಾಚೆಯಿಂದ ಜಟ್ಟೆಮ್ಮ ಕೇಳಿದಳು.

"ಇನ್ ಸ್ವಲ್ಪ ಇರಮ್ಮ."

ಎಂಟೂವರೆಗೆ ಔಷಧಿ ಚೆಲ್ಲಿ, ಬೆಳಕಿಗೆ ಚಿತ್ರ ಅಳಿಯದಂತೆ ನಿಲ್ಲಿಸುವ ದ್ರಾವಣ ಹಾಕಿ, ತೊಳೆದು, ಫಿಲ್ಮನ್ನು ಬಲ್ಬಿಗೆ ಹಿಡಿದೆ. ರೇವತಿ ಇದ್ದಳು. ಫ್ರಾಕಿನ ಅಂಚು, ಎರಡು ಜಡೆ, ನಗು, ಎಲ್ಲ ಇತ್ತು. ನನಗೆ ಅಳು ಬಂತು.

ಕಾಗದಕ್ಕೆ ಇಳಿಸುವ ಮೊದಲೇ ಜಟ್ಟೆಮ್ಮ ಒಳಗೆ ಬಂದಳು. ಒದ್ದೆ ಫಿಲ್ಮನ್ನೇ ತೋರಿಸಿದೆ. ಅದರಲ್ಲಿ ಕಪ್ಪೆಲ್ಲ ಬೆಳ್ಳಗೆ ಕಾಣುತ್ತದೆಂದು ಹೇಳುವುದನ್ನು ಮರೆತೆ. ಅವಳು ಬಹಳ ಹೊತ್ತು ನೋಡಿದಳು.

"ಕೂದಲೆಲ್ಲ ಬೆಳ್ಳಗಾಗ್ಯಾವ್ರಿ," ಎಂದಳು. "ನನ್ನ ಮಗಳು ಮುದುಕಿ ಆಗ್ಯಾಳ ನೋಡ್ರಿ."

ನಾನು ತಿದ್ದಲಿಲ್ಲ.

"ಫೋಟೋನೂ ಕೊಡ್ರಿ," ಎಂದಳು. "ಇದನ್ನೂ ಹಿಂಗೇ ಕೊಡ್ರಿ."