ಬೇಡ ಅನ್ನಬಹುದು

ಎಲಾಡಿಯೊ ನಮ್ಮ ಅಂಗಳಕ್ಕೆ ಬಂದದ್ದು ಜೂನ್ ತಿಂಗಳ ಒಂದು ಭಾನುವಾರ, ಸಾಲ್ಸಾ ಕುಣಿತ ಕಲಿಸುವ ದೊಡ್ಡ ಶಾಲೆಯೊಂದರಿಂದ ಮುಖ ಸಪ್ಪೆ ಮಾಡಿಕೊಂಡು. ಪಕ್ಕದ ಕಟ್ಟಡದ ಬಾಯ್ಲರು, ನಲ್ಲಿ, ಬೀಗ ಎಲ್ಲ ನೋಡಿಕೊಳ್ಳುವವನು ಅವನು. ವಯಸ್ಸು ಅರವತ್ತರ ಹತ್ತಿರ. ಹುಟ್ಟಿದ್ದು ಪೋರ್ಟೊ ರಿಕೊದಲ್ಲಿ, ಬೆಳೆದದ್ದು ಇಲ್ಲೇ ಬ್ರಾಂಕ್ಸ್‌ನಲ್ಲಿ, ಆದರೂ ಕುಣಿಯಲು ಬಾರದು. ನಮ್ಮ ಪೋರ್ಟೊ ರಿಕೊದವರ ನಡುವೆ ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ಗಂಡೆದೆ ಬೇಕು.

"ಮೊದಲನೇ ಪಾಠ ಪುಕ್ಕಟೆ ಅಂದ್ರು ಆ ಶಾಲೆಯವ್ರು, ನೆರೈಡಾ ಅಕ್ಕ. ಮುಗಿದ ಮೇಲೆ ಕೋಣೇಲಿ ಕೂರಿಸಿ, ವರ್ಷದ ಪ್ಯಾಕೇಜ್ ತಗೋ ಅಂತ ಹಿಡ್ಕೊಂಡ್ರು. ಬೇಡ ಅಂದೆ. ಸಣ್ಣ ಪ್ಯಾಕೇಜ್ ತೆಗೆದ್ರು. ಬೇಡ ಅಂದೆ. ಹೀಗೇ ಇದ್ರೆ ನಿನ್ನ ಜೊತೆ ಯಾವ ಹೆಂಗಸು ಕುಣೀತಾಳೆ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಪುಣ್ಯಾತ್ಮರು ಗಿರಾಕಿಯ ಕಾಲೇ ಡೊಂಕು ಅನ್ನುತ್ತಾರಲ್ಲ!

"ಬರೋ ವಾರದಿಂದ ಇಲ್ಲಿಗೇ ಬಾ. ದುಡ್ಡು ಗಿಡ್ಡು ತರ್ಬೇಡ. ಅಡುಗೆ ಪಾತ್ರೆಗೆ ಹಾಕೋಕೆ ಏನಾದ್ರೂ ತಾ, ಸಾಕು," ಅಂದೆ.

ನಮ್ಮದು ಎರಡು ಕಟ್ಟಡಗಳ ನಡುವಿನ ಖಾಲಿ ಜಾಗ. ಮೆಣಸಿನ ಗಿಡ, ಹಸಿರು ಬಣ್ಣ ಬಳಿದ ಮರದ ಗುಡಿಸಲು, ಪ್ಲಾಸ್ಟಿಕ್ ಕುರ್ಚಿಗಳು. ಭಾನುವಾರ ಮಧ್ಯಾಹ್ನ ಒಲೆಯ ಮೇಲೆ ತೊಗರಿಕಾಳಿನ ಅನ್ನ, ಮೂಲೆಯಲ್ಲಿ ಡೋಲು. ನಮ್ಮಮ್ಮ ಇದ್ದಾಗ ಮಾಡಿಟ್ಟ ಕಟ್ಟಳೆ ಒಂದೇ: ಹೊಸಬರು ಕುಣಿಯೋಣ ಅಂತ ಕೈ ಚಾಚಿದರೆ ಯಾರೂ ಬೇಡ ಅನ್ನುವಂತಿಲ್ಲ. ಇಲ್ಲಿ ಎಲ್ಲರೂ ಕಲಿತದ್ದು ಹಾಗೆಯೇ.

ಎಲಾಡಿಯೊನ ಕೈಗೆ ತುಂಬಿದ ಕಾಫಿ ಲೋಟ ಕೊಟ್ಟು, ಡೋಲಿನ ಪೆಟ್ಟಿಗೆ ಸರಿಯಾಗಿ ಅಂಗಳ ಸುತ್ತು ಅಂದೆ. ಭುಜ ಕುಲುಕಿದರೆ ಅಂಗಿಯೆಲ್ಲ ಕಾಫಿ. ಜೊತೆಗೆ ಬಾಯಲ್ಲಿ ಒಂದು, ಎರಡು, ಮೂರು ಅಂತ ಎಣಿಕೆ ಬೇರೆ.

"ಎಣಿಸ್ಬೇಡ ಮಾರಾಯ, ಇದೇನು ಬಾಡಿಗೆ ವಸೂಲಿನಾ? ಕೇಳಿಸ್ಕೋ!" ಎಂದು ಗದರಿದೆ.

ಬೇಸಿಗೆ ಕಳೆಯುವ ಹೊತ್ತಿಗೆ ಕಾಫಿ ಚೆಲ್ಲುವುದು ನಿಂತಿತು. ಮುದುಕಿಯರು, ಸೊಸೆಯರು, ನಾನು, ಎಲ್ಲರೂ ಅವನ ಜೊತೆ ಕುಣಿದೆವು. ನನ್ನ ತಂಗಿ ಮಿಗ್ದಾಲಿಯಳನ್ನು ಮಾತ್ರ ಅವನು ಕೇಳಲೇ ಇಲ್ಲ. ಅವಳು ಅಂಗಳಕ್ಕೆ ಬಂದರೆ ಸಾಕು, ಅವನ ಕಣ್ಣೆಲ್ಲ ಅಲ್ಲೇ. ಅವಳ ಗಂಡನಾಗಿದ್ದವನು, ಪುಣ್ಯಕ್ಕೆ ಅವನನ್ನು ಬಿಟ್ಟಿದ್ದಾಳೆ, ಬೇಡ ಬೇಡ ಅಂದರೂ ಬಾಗಿಲು ಕಾದು, ಹಟ ಹಿಡಿದು ಮದುವೆಯಾದವನು.

"ಯಾಕೋ ಅವಳನ್ನ ಕೇಳಲ್ಲ? ನೀನು ಹೊಸಬ, ಅವಳು ಬೇಡ ಅನ್ನೋ ಹಾಗಿಲ್ಲ," ಅಂದೆ ಒಂದು ದಿನ.

"ಅದಕ್ಕೇ ಕೇಳಲ್ಲ ಅಕ್ಕ. ಕಟ್ಟಳೆಗೆ ಅಂತ ಎದ್ದು ಬಂದ್ರೆ ನಂಗೇನು ಬಂತು? ಅವಳಿಗೆ ಬೇಡ ಅನ್ನೋಕೆ ಆಗ್ಬೇಕು. ಇವನು ಹೊಸಬ ಅಲ್ಲ ಅಂತ ನೀನು ಎಲ್ಲರ ಮುಂದೆ ಹೇಳು, ಆಮೇಲೆ ಕೇಳ್ತೀನಿ."

ಎಂಥ ಪೆದ್ದ ಅನ್ನಿಸಿತು. ಆದರೂ ಹೂಂ ಅಂದೆ.

ಅಕ್ಟೋಬರಿನ ಕೊನೆಯ ಭಾನುವಾರ. ಚಳಿಗೆ ಅಂಗಳಕ್ಕೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಮೇ ತಿಂಗಳಲ್ಲಿ. ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದೆ: "ಎಲ್ಲಾರೂ ಕೇಳ್ರಪ್ಪಾ! ಎಲಾಡಿಯೊ ಇನ್ನು ಹೊಸಬ ಅಲ್ಲ!" ಚಪ್ಪಾಳೆ, ಸಿಳ್ಳೆ ಎಲ್ಲ ಆಯಿತು. ಅವನು ಅಂಗೈ ಪ್ಯಾಂಟಿಗೆ ಒರೆಸಿಕೊಂಡು ನೆಟ್ಟಗೆ ಮಿಗ್ದಾಲಿಯಳ ಮುಂದೆ ಹೋಗಿ ನಿಂತ.

"ಕುಣೀತೀಯಾ ಮಿಗ್ದಾಲಿಯಾ? ಬೇಡ ಅಂದ್ರೂ ಬೇಜಾರಿಲ್ಲ."

ಅವಳು ಅವನ ಮುಖ ನೋಡಿದಳು. "ಬೇಡ," ಅಂದಳು.

ಡಾಮಿನೊ ಆಡುತ್ತಿದ್ದವರ ಕೈ ನಿಂತಿತು. ನನಗೆ ಅವಳ ಜುಟ್ಟು ಹಿಡಿದು ಎಳೆಯಬೇಕು ಅನ್ನಿಸಿತು. ಎಲಾಡಿಯೊ "ಆಯ್ತು" ಅಂದ, ಅಷ್ಟೇ. ಇನ್ನೊಮ್ಮೆ ಕೇಳಲಿಲ್ಲ, ಯಾಕೆ ಅನ್ನಲಿಲ್ಲ. ಬಂದು ನನ್ನತ್ತ ಕೈ ಚಾಚಿದ. ಬೆರಳು ತಣ್ಣಗಿದ್ದವು. ಆದರೂ ಚೆನ್ನಾಗಿಯೇ ಕುಣಿದ, ಒಂದು ಸಲವೂ ಅವಳ ಕಡೆ ತಿರುಗಿ ನೋಡದೆ.

"ನೋವಾಯ್ತೇನೋ?"

"ಆಯ್ತು ಅಕ್ಕ. ಆದ್ರೆ ಮನಸ್ಸಲ್ಲಿ ಇದ್ದಿದ್ದನ್ನೇ ಅಂದ್ಲಲ್ಲ."

ಹಾಡು ಅರ್ಧವಾಗಿತ್ತು. ಯಾರೋ ನನ್ನ ಭುಜ ತಟ್ಟಿದರು.

"ಜರುಗೇ ನೆರೈಡಾ," ಅಂದಳು ಮಿಗ್ದಾಲಿಯ.

"ಈಗ ತಾನೇ ಬೇಡ ಅಂದ್ಯಲ್ಲೇ, ನಿನ್ನ ತಲೆ ಕೆಟ್ಟಿದ್ಯಾ?"

"ಬೇಡ ಅಂದ್ರೆ ಇವನು ಏನ್ ಮಾಡ್ತಾನೆ ಅಂತ ನೋಡ್ಬೇಕಿತ್ತು. ಆಯ್ತು ಅಂತ ಸುಮ್ಮನೆ ಹೋದ ಗಂಡಸನ್ನ ನಾನು ಈ ಜನ್ಮದಲ್ಲಿ ನೋಡಿರ್ಲಿಲ್ಲ ಕಣೇ." ಎಲಾಡಿಯೊನ ಕಡೆ ತಿರುಗಿ ತಾನೇ ಕೈ ಚಾಚಿದಳು. "ಕುಣೀತೀಯಾ? ನೀನೂ ಬೇಡ ಅನ್ನಬಹುದು."

ಅವನು ಅವಳ ಕೈ ಹಿಡಿದ. ನಾನು ಪಕ್ಕಕ್ಕೆ ಸರಿದೆ. ಸುಳ್ಳು ಯಾಕೆ ಹೇಳಲಿ, ಆ ಹಾಡಿನ ಉಳಿದರ್ಧ ನನಗೆ ಸರಿಯಾಗಿ ಕಾಣಿಸಲಿಲ್ಲ, ಕಣ್ಣು ತುಂಬಿಕೊಂಡಿತ್ತು.